ಅವಾತಿಫಳ ಪಾಲು

ಸತ್ತು ನಲವತ್ತು ವರ್ಷವಾದ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು "ಅಮ್ಮಾ, ಒಂದು ಲೋಟ ನೀರು" ಎಂದಾಗ ಮುದುಕಿ ತೌಹೀದಾಳ ಕೈಯಲ್ಲಿದ್ದ ಚಾಕು ಜಾರಿ ಮೀನಿನ ಬುಟ್ಟಿಯೊಳಗೆ ಬಿತ್ತು. ಅದೇ ಎದ್ದ ಕೊರಳೆಲುಬು, ಒಳಗೆ ಹೋದ ಅದೇ ಕೆನ್ನೆ, ಚೌಕಟ್ಟಿಗೆ ಭುಜ ಕೊಟ್ಟು ಒರಗುವ ಅದೇ ರೀತಿ. ತೌಹೀದಾ ಬಾಯೊಳಗೇ ಬಿಸ್ಮಿಲ್ಲಾ ಹೇಳಿಕೊಂಡಳು.

"ಏನಮ್ಮಾ, ದೆವ್ವ ನೋಡಿದ ಹಾಗೆ ನೋಡ್ತೀಯ? ನಾನು ಕಣಮ್ಮ, ಇನ್ಶಿರಾ."

ಹೌದು, ಇನ್ಶಿರಾ. ಎರಡನೆಯ ಮಗಳು, ಬದುಕಿರುವವಳು. ಮೊನ್ನೆ ಮೊನ್ನೆಯವರೆಗೆ ಅವಳು ಈ ಬಾಗಿಲಲ್ಲಿ ನಿಂತರೆ ಹಿಂದಿನ ಹಜಾರ ಕಾಣುತ್ತಿರಲಿಲ್ಲ. ಈಗ ಎರಡೂ ಬದಿಯಿಂದ ಬೆಳಕು ಬರುತ್ತಿತ್ತು. ತೌಹೀದಾ ನೀರು ಕೊಟ್ಟಳು. ಇನ್ಶಿರಾ ಎರಡು ಗುಟುಕು ಕುಡಿದು ಲೋಟ ಇಟ್ಟು ಹೋದಳು. ಉಳಿದ ನೀರನ್ನು ಮುದುಕಿ ಚೆಲ್ಲಲಿಲ್ಲ. ತುಂಬ ಹೊತ್ತು ಅದನ್ನೇ ನೋಡುತ್ತ ನಿಂತಳು.

ನಿಜ ಹೇಳಬೇಕೆಂದರೆ ಇನ್ಶಿರಾ ಆಗಲೂ ದಪ್ಪ ಹೆಂಗಸೇ. ತಕ್ಕಡಿಯನ್ನು ಕೇಳಿದರೆ ಅದು ಬೇರೆ ಕಥೆ ಹೇಳುತ್ತಿತ್ತು. ಆದರೆ ತಾಯಿಯ ಕಣ್ಣಿನಲ್ಲಿ ತಕ್ಕಡಿ ಎಲ್ಲಿಂದ ಬರಬೇಕು?

ಅನ್ಫೂಶಿಯಲ್ಲಿ, ದೋಣಿ ಕಟ್ಟುವ ಅಂಗಳಗಳ ಹಿಂದಿನ ಓಣಿಯಲ್ಲಿ ಅವರ ಮನೆ. ನಾಲ್ಕನೆಯ ಮಹಡಿ, ಲಿಫ್ಟು ಇಲ್ಲ. ಬಾಲ್ಕನಿಯಿಂದ ಕತ್ತು ಚಾಚಿದರೆ ಅಲೆಕ್ಸಾಂಡ್ರಿಯದ ಸಮುದ್ರ ಒಂದು ಅಂಗೈಯಷ್ಟು ಕಾಣುತ್ತದೆ. ಎರಡು ವರ್ಷದಿಂದ ಇನ್ಶಿರಾಳ ಪಾಲಿಗೆ ಸಮುದ್ರವೆಂದರೆ ಆ ಅಂಗೈಯಷ್ಟೇ. ಮಂಡಿಗಳು ಸೋತಿದ್ದವು. ಮೆಟ್ಟಿಲು ಇಳಿದರೆ ಹತ್ತುವುದು ಹೇಗೆಂದು ಇಳಿಯುವುದನ್ನೇ ಬಿಟ್ಟಿದ್ದಳು. ಮೂಳೆ ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು: "ಈ ತೂಕದಲ್ಲಿ ನಾನು ಮಂಡಿಗೆ ಕತ್ತರಿ ಹಾಕಲ್ಲ. ಮೊದಲು ಇಳಿಸ್ಕೊಂಡು ಬನ್ನಿ." ಹಾಗೆ ಶುರುವಾದದ್ದು ಹಸಿವು ಕುಗ್ಗಿಸಿ ತೂಕ ಇಳಿಸುವ ಈ ಸೂಜಿ. ವಾರಕ್ಕೊಂದು, ಶುಕ್ರವಾರದ ನಮಾಜು ಮುಗಿದ ಮೇಲೆ. ಆ ಓಣಿಯ ಅರ್ಧ ಹೆಂಗಸರ ಫ್ರಿಜ್ಜಿನಲ್ಲಿ ಮೊಟ್ಟೆಗಳ ಪಕ್ಕ, ತುದಿ ತಿರುಗಿಸಿ ಡೋಸು ಹೊಂದಿಸುವ ಆ ಸೂಜಿಯ ಪೆನ್ನು ಮಲಗಿರುತ್ತದೆ. ಅದರಲ್ಲಿ ಗುಟ್ಟೇನೂ ಇಲ್ಲ. ಸೂಜಿ ಬರೆದುಕೊಟ್ಟ ಡಾಕ್ಟರ್ ನೆವೀನ್ ಮೊದಲ ದಿನವೇ ಹೇಳಿದ್ದರು, ಇದರ ಡೋಸು ಮೆಟ್ಟಿಲಿದ್ದ ಹಾಗೆ, ಒಂದೊಂದು ಮೆಟ್ಟಿಲಲ್ಲಿ ಒಂದೊಂದು ತಿಂಗಳು ನಿಲ್ಲಬೇಕು ಎಂದು. ಸೂಜಿ ಕಂಡರೆ ಇನ್ಶಿರಾಳಿಗೆ ಕೈ ನಡುಗುವುದರಿಂದ ಚುಚ್ಚುವ ಕೆಲಸ ಮಗಳು ಶುರೂಕಳದು. ಹುಡುಗಿ ಶಿಶುವಿಹಾರದಲ್ಲಿ ಟೀಚರು. ಅಳುವವರನ್ನು ಸಂಭಾಳಿಸಿ ಅಭ್ಯಾಸ.

ಆ ಶುಕ್ರವಾರ ಊಟಕ್ಕೆ ಮೀನು, ಈರುಳ್ಳಿ ಕಂದಿಸಿ ಮಾಡಿದ ಅನ್ನ. ಅಳಿಯ ರಗಬ್ ದೋಣಿಯಂಗಳದಿಂದ ಮರದ ಹೊಟ್ಟು ಮೈಮೇಲೆ ಹೊತ್ತುಕೊಂಡೇ ಬಂದು ಕೂತ. ಮದುವೆಯಾದ ದಿನದಿಂದ ಅತ್ತೆಯ ಮನೆಯಲ್ಲೇ ಇರುವ ಅಳಿಯ; ಅವನ ಬಾಯಿಗೆ ಬೀಗವಿಲ್ಲ, ಹೊಟ್ಟೆಗೂ ಇಲ್ಲ.

"ಎರಡು ತುತ್ತು," ಎಂದಳು ತೌಹೀದಾ, ಇನ್ಶಿರಾಳ ತಟ್ಟೆಗೆ ಇಡೀ ಮೀನು ಜಾರಿಸುತ್ತ.

"ಬೇಡಮ್ಮ."

"ಮೀನಿನ ತಲೆ ಆದ್ರೂ ಚೀಪು."

"ಬೇಡ ಅಂದ್ನಲ್ಲ. ನಫ್ಸ್ ಇಲ್ಲ ನಂಗೆ."

ಶುರೂಕ್ ಅಜ್ಜಿಯ ಮುಖ ನೋಡಿದಳು. ಅಲ್ಲಿನ ಮಾತಿನಲ್ಲಿ ಹಸಿವಿಗೂ ಜೀವಕ್ಕೂ ಒಂದೇ ಹೆಸರು, ನಫ್ಸ್. ಊರಿನವರೆಲ್ಲ ದಿನಕ್ಕೆ ಹತ್ತು ಸಲ ಆಡುವ ಮಾತು ಅದು. ಆದರೆ ಈ ಮನೆಯಲ್ಲಿ ಆಡುವಂತಿರಲಿಲ್ಲ. ಹೊಟ್ಟೆ ತುಂಬಿದೆ ಅನ್ನಬಹುದು, ಆಮೇಲೆ ತಿಂತೀನಿ ಅನ್ನಬಹುದು, ಉಪ್ಪು ಜಾಸ್ತಿ ಅಂತ ಸುಳ್ಳೂ ಹೇಳಬಹುದು. ನಫ್ಸ್ ಇಲ್ಲ ಅನ್ನುವಂತಿಲ್ಲ. ಇನ್ಶಿರಾಳ ಅಕ್ಕ, ಇಪ್ಪತ್ತೆರಡು ವರ್ಷದ ಅವಾತಿಫ್ ಮೂತ್ರಪಿಂಡ ಒಣಗಿ, ತಾಯಿ ಎತ್ತಿದ ಪ್ರತಿ ತುತ್ತಿಗೂ ಅದೊಂದೇ ಮಾತು ಹೇಳುತ್ತ ಹೇಳುತ್ತ ಹೋಗಿದ್ದಳು. ಅವಳ ಫೋಟೋ ಇನ್ನೂ ಊಟದ ಮೇಜಿನ ಎದುರಿಗೇ ಇತ್ತು, ಸತ್ತವರ ಫೋಟೋಗೆ ಕಟ್ಟುವ ಕಪ್ಪು ಪಟ್ಟಿಯಿಲ್ಲದೆ. ಹಬ್ಬ ಬಂದರೆ ತೌಹೀದಾ ಗಂಡನ ಹೆಸರಿನಲ್ಲಿ, ಅಪ್ಪ ಅಮ್ಮನ ಹೆಸರಿನಲ್ಲಿ ಖಬರಸ್ತಾನಕ್ಕೆ ತಿಂಡಿ ಒಯ್ದು ಬಡವರಿಗೆ ಹಂಚುತ್ತಿದ್ದಳು. ಅವಾತಿಫಳ ಹೆಸರಿನಲ್ಲಿ ಮಾತ್ರ ಒಂದು ಚೂರೂ ಹಂಚಿದವಳಲ್ಲ. ಕೇಳಿದರೆ, "ಅವಳ ಪಾಲು ಮನೇಲೇ ಇರ್ಲಿ" ಎನ್ನುತ್ತಿದ್ದಳು.

ರಗಬ್ ಗಂಟಲು ಸರಿಮಾಡಿಕೊಂಡ. "ಅತ್ತೆ, ಅವಳಿನ್ನೂ ನನಗಿಂತ ತೂಕ ಇದ್ದಾಳೆ. ಆ ಮೀನು ಇತ್ತ ತಳ್ಳಿ, ನಂಗೆ ಇಬ್ಬರ ನಫ್ಸ್ ಇದೆ."

ಶುರೂಕ್ ನಕ್ಕಳು. ತೌಹೀದಾ ನಗಲಿಲ್ಲ. ಮೀನು ತಳ್ಳಲೂ ಇಲ್ಲ. ಅದು ಇನ್ಶಿರಾಳ ತಟ್ಟೆಯಲ್ಲೇ ಆರಿತು.

ಮಾರನೆಯ ದಿನ ಬೆಳಿಗ್ಗೆ ಮುದುಕಿ ಬಾಲ್ಕನಿಯಿಂದ ಹಗ್ಗದ ಬುಟ್ಟಿ ಇಳಿಸಿ ಕೆಳಗಿನ ಅಂಗಡಿಯವನಿಗೆ ಕೂಗಿ ಹೇಳಿದಳು: ಕಪ್ಪು ಕಾಕಂಬಿ, ಮೆಂತ್ಯ, ಎಳ್ಳು, ಬಾದಾಮಿ, ತುಪ್ಪ.

ಅಂಗಡಿಯವನು ಮೇಲೆ ನೋಡಿದ. "ಹಾಜ್ಜಾ, ಮುಫತ್ತಕಾ ಕಾಯಿಸ್ತೀರಾ? ಯಾರು ಮದುಮಗಳು? ಶುರೂಕಳಿಗೆ ಗಂಡು ಸಿಕ್ಕಿದ್ನಾ?"

"ನಿನ್ನ ಬಾಯಿ ಮುಚ್ಚಿ ಬುಟ್ಟಿ ತುಂಬೋ!"

ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಮುಫತ್ತಕಾ ಎಂದರೆ ಸೊರಗಿದ ಹುಡುಗಿಯರಿಗೆ ಮೈ ಬರಲೆಂದು ಕಾಯಿಸುವ ಲೇಹ್ಯ. ಮದುವೆಗೆ ಮುಂಚೆ ಒಂದೊಂದು ಚಮಚ ಕೊಟ್ಟರೆ ಕೆನ್ನೆ ತುಂಬಿ ಬರುತ್ತದೆ. ತೌಹೀದಾ ಅದನ್ನು ದೊಡ್ಡ ತಪ್ಪಲೆಯಲ್ಲಿ, ಇನ್ಶಿರಾ ಮಧ್ಯಾಹ್ನದ ನಿದ್ದೆಯಲ್ಲಿರುವಾಗ, ಕಿಟಕಿ ತೆರೆದಿಟ್ಟು ಕಾಯಿಸಿದಳು. ತುಪ್ಪ ಬಿಟ್ಟುಕೊಳ್ಳುವ ತನಕ ತೊಳಸಿದಳು. ಭುಜ ನೋಯುತ್ತಿತ್ತು, ನಿಲ್ಲಿಸಲಿಲ್ಲ.

ಸೂಜಿ ಶುರುವಾದಾಗಿನಿಂದ ಇನ್ಶಿರಾಳಿಗೆ ಮಲಬದ್ಧತೆ. ವಾರಕ್ಕೆ ಎರಡು ಸಲ ಹೋದರೆ ಅದೇ ಹಬ್ಬ. ಮುದುಕಿ ಆ ದಾರಿ ಹಿಡಿದಳು.

"ಇದು ಮಲ ಸಡಿಲಾಗೋಕೆ," ಎಂದು ಬಟ್ಟಲು ಮುಂದಿಟ್ಟಳು. "ಮೆಂತ್ಯ, ಕಾಕಂಬಿ. ಔಷಧಿ ಅನ್ಕೊ."

ಇನ್ಶಿರಾ ಬಟ್ಟಲು ನೋಡಿದಳು, ತಾಯಿಯನ್ನು ನೋಡಿದಳು. ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಆಮೇಲೆ ಪೂರ್ತಿ ತಿಂದು ಬಟ್ಟಲು ಕೊಟ್ಟಳು.

"ಹೇಗಿತ್ತು?"

"ಔಷಧಿ ಇದ್ದ ಹಾಗಿತ್ತು."

ಅವತ್ತು ತೌಹೀದಾ ಎಷ್ಟೋ ವಾರಗಳ ಮೇಲೆ ನೆಮ್ಮದಿಯಾಗಿ ಮಲಗಿದಳು. ಬಟ್ಟಲು ದಿನಚರಿಯಾಯಿತು. ಎರಡು ವಾರದಲ್ಲಿ ತಕ್ಕಡಿಯ ಮುಳ್ಳು ಕದಲುವುದನ್ನು ನಿಲ್ಲಿಸಿತು. ಮುದುಕಿ ದೇವರಿಗೆ ಕೃತಜ್ಞತೆ ಹೇಳಿದಳು. ಶುರೂಕ್ ಹುಬ್ಬು ಗಂಟಿಕ್ಕಿದಳು.

"ಅಮ್ಮ ಏನೂ ತಿನ್ನಲ್ಲ, ಆದ್ರೂ ಇಳೀತಿಲ್ಲ. ಯಾಕಜ್ಜೀ?"

"ದೇವರಿಗೇ ಸಾಕು ಅನ್ನಿಸಿರಬೇಕು."

ಇನ್ಶಿರಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬೇಸಿಗೆಗೆ ಮುಂಚೆ ಮಂಡಿಯ ಆಪರೇಷನ್ ಆಗಬೇಕೆಂದು ಅವಳ ಹಟ.

ರಂಜಾನ್ ಬಂತು. ಮೊದಲ ಶುಕ್ರವಾರ ಇನ್ಶಿರಾ ಮತ್ತು ಶುರೂಕ್ ಕೋಣೆಯ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದ್ದು ತೌಹೀದಾಳ ಕಿವಿಗೆ ಬಿತ್ತು. ಅವಳ ಕಣ್ಣು ಮಂಜಾದರೂ ಕಿವಿಗೆ ಮುಪ್ಪು ಬಂದಿರಲಿಲ್ಲ.

"ಡಾಕ್ಟರು ಒಂದೇ ಮೆಟ್ಟಿಲು ಅಂದಿದ್ದಾರಮ್ಮ. ಅದೂ ಮುಂದಿನ ತಿಂಗಳು."

"ಹೇಗೂ ಉಪವಾಸ ಇದೆಯಲ್ಲೇ. ದಿನವಿಡೀ ಹೊಟ್ಟೆ ಖಾಲಿ. ವಾಕರಿಕೆ ಬಂದ್ರೂ ಬರೋಕೆ ಒಳಗೇನಿರುತ್ತೆ? ಸೂಜಿ ಒಂದು ಕಡೆ, ಉಪವಾಸ ಒಂದು ಕಡೆ, ಎರಡೂ ಸೇರಿ ಎಳೀತಾವೆ. ತಿರುಗಿಸು."

"ಎರಡು ಮೆಟ್ಟಿಲು ಒಟ್ಟಿಗೆ?"

"ಪಕ್ಕದ ಕಟ್ಟಡದವಳು ತಗೊಂಡಿಲ್ವಾ? ತಿರುಗಿಸು ಅಂದೆ."

ಪೆನ್ನಿನ ತುದಿ ಕಿಟಕಿಟ ಎಂದಿತು. ತೌಹೀದಾಳಿಗೆ ಅರ್ಥವಾದದ್ದು ಇಷ್ಟೇ: ಮಗಳು ಇನ್ನಷ್ಟು ಕರಗಲು ಹೊರಟಿದ್ದಾಳೆ. ಅಂದಿನಿಂದ ಬೆಳಗಿನ ಜಾವದ ಸುಹೂರ್ ಊಟಕ್ಕೆ ಬಟ್ಟಲಿನ ಜಾಗದಲ್ಲಿ ದೊಡ್ಡ ಬೋಗುಣಿ ಬಂತು. ಸೂಜಿ ಏರಿದಂತೆ ಲೇಹ್ಯವೂ ಏರಿತು. ಒಬ್ಬಳು ಅತ್ತ ಎಳೆದರೆ ಇನ್ನೊಬ್ಬಳು ಇತ್ತ. ನಡುವೆ ಹರಿಯುವುದು ಏನೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮೊದಲು ಬಂದದ್ದು ತೇಗು. ಕೊಳೆತ ಮೊಟ್ಟೆಯ ವಾಸನೆಯ ತೇಗು, ಬಾಯಿಗೆ ತಲೆವಸ್ತ್ರದ ತುದಿಯಿಟ್ಟರೂ ಕೋಣೆ ತುಂಬುತ್ತಿತ್ತು. ರಗಬ್ ಎರಡು ಸಲ ಎದ್ದು ಹೋಗಿ ಗ್ಯಾಸ್ ಸಿಲಿಂಡರಿನ ವಾಲ್ವು ಮುಟ್ಟಿ ನೋಡಿದ.

"ನಾನೇ ಕಣ್ರೀ ಸಿಲಿಂಡರು," ಎಂದಳು ಇನ್ಶಿರಾ. "ಸಿಗರೇಟು ಹಚ್ಚಬೇಡಿ."

ಎಲ್ಲರೂ ನಕ್ಕರು. ಆ ರಂಜಾನಿನಲ್ಲಿ ಅವಳು ನಗಿಸಿದ್ದು ಅದೇ ಕೊನೆ. ಆಮೇಲಿನ ದಿನಗಳಲ್ಲಿ ಬಚ್ಚಲಿನ ನಲ್ಲಿ ಶುರುವಾಯಿತು. ಇನ್ಶಿರಾ ಒಳಗೆ ಹೋದೊಡನೆ ನಲ್ಲಿ ಜೋರಾಗಿ ತೆರೆಯುತ್ತಿದ್ದಳು, ಬಹಳ ಹೊತ್ತು ನಿಲ್ಲಿಸುತ್ತಿರಲಿಲ್ಲ. ತೌಹೀದಾ ಹೊರಗೆ ಗೋಡೆಗೆ ಕೈಯಿಟ್ಟು ನಿಲ್ಲುತ್ತಿದ್ದಳು. ಅವಾತಿಫ್ ಕೂಡ ಹೀಗೇ ನಲ್ಲಿ ಬಿಡುತ್ತಿದ್ದಳು, ಅಮ್ಮನಿಗೆ ಕೇಳಬಾರದೆಂದು. ನೀರಿನ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು. ನಲವತ್ತು ವರ್ಷದಲ್ಲಿ ಆ ಬಚ್ಚಲಿನಲ್ಲಿ ಎಷ್ಟೋ ಸಲ ನಲ್ಲಿ ಬದಲಾಯಿಸಿದ್ದರು, ಸದ್ದು ಮಾತ್ರ ಎಲ್ಲೂ ಹೋಗದೆ ಕಾದಿತ್ತೇನೋ ಎಂದು ಮುದುಕಿಗೆ ಅನ್ನಿಸಿತು.

"ಒಳಗೆ ಏನು ಮಾಡ್ತಿದ್ದೆ ಇಷ್ಟು ಹೊತ್ತು?"

"ಕೈಕಾಲು ತೊಳ್ಕೊಂಡು ವುಜೂ ಮಾಡ್ತಿದ್ದೆ."

"ನಮಾಜಿಗೆ ಇನ್ನೂ ಹೊತ್ತಿದೆ."

"ದೇವರ ಕೆಲಸಕ್ಕೆ ಬೇಗ ಹೋದ್ರೆ ತಪ್ಪಾ?"

ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲವಾದರೆ ಇನ್ನೂ ತುಂಬಬೇಕು, ಎರಡು ಹೋದರೆ ಒಂದಾದರೂ ಉಳಿದೀತು. ತೌಹೀದಾಳ ಲೆಕ್ಕ ಅದು. ಅತಿಯಾದರೆ ಅಮೃತವೂ ವಿಷ ಎಂದು ಪರರ ಮನೆಯ ಮಕ್ಕಳಿಗೆ ಹೇಳಲು ಅವಳಿಗೂ ಬರುತ್ತಿತ್ತು.

ಆ ವಾರ ಒಂದು ಸಂಜೆ ಮೇಜಿನ ಮೇಲೆ ಖರ್ಜೂರ, ಬೇಳೆ ಸಾರು, ದ್ರಾಕ್ಷಿ ಎಲೆಯ ಸುರುಳಿಗಳು. ಅಜಾನ್ ಕೇಳಿತು. ಇನ್ಶಿರಾ ಖರ್ಜೂರ ಬಾಯಿಗಿಟ್ಟು ಒಂದು ಗುಟುಕು ನೀರು ಕುಡಿದಳು. ಏಳಲು ಹೋದಳು, ನಲ್ಲಿಯ ತನಕ ಹೋಗಲಾಗಲಿಲ್ಲ. ಮೇಜಿನ ಬಟ್ಟೆ ಹಿಡಿದುಕೊಂಡೇ ಕುಸಿದಳು, ಸಾರಿನ ಪಾತ್ರೆ ಅವಳ ಜೊತೆಗೇ ಬಂತು. ಅವಳ ಬಾಯಿಂದ ಬಂದದ್ದರಲ್ಲಿ ಎಳ್ಳು, ಬೆಳಗಿನ ಜಾವ ತಿಂದ ಎಳ್ಳು, ಇಡಿಯಾಗಿ ಹಾಗೇ ಇತ್ತು. ತೌಹೀದಾ ಅದನ್ನು ನೋಡಿದಳು.

"ಅಮ್ಮಾ! ತುಟಿ ನೋಡಪ್ಪ, ಒಣಗಿಹೋಗಿದೆ!" ಶುರೂಕ್ ಕಿರುಚಿದಳು. "ನಿನ್ನೆಯಿಂದ ಮೂತ್ರಕ್ಕೇ ಹೋಗಿಲ್ಲ ಅಂತಿದ್ಲು!"

ರಗಬ್ ಎದುರು ಮನೆಯವರನ್ನು ಕರೆದ. ಇನ್ಶಿರಾಳನ್ನು ಊಟದ ಕುರ್ಚಿಗೇ ತಲೆವಸ್ತ್ರದಿಂದ ಕಟ್ಟಿ ನಾಲ್ವರು ಎತ್ತಿಕೊಂಡರು. ಕತ್ತಲು ಮೆಟ್ಟಿಲು, ತಿರುವಿನಲ್ಲೆಲ್ಲ ಕುರ್ಚಿಯ ಕಾಲು ಗೋಡೆಗೆ ತಾಗುತ್ತಿತ್ತು. ತೌಹೀದಾ ಗೋಡೆ ಸವರುತ್ತ ಹಿಂದೆ ಇಳಿದಳು. ಅವಳಿಗೆ ಕಾಣುತ್ತಿದ್ದದ್ದು ಒಂದೇ, ಹಿಂದಕ್ಕೆ ಬಾಗಿದ ತಲೆ, ಆ ಕೊರಳೆಲುಬು. ಈ ಮೆಟ್ಟಿಲಲ್ಲಿ, ಇದೇ ಕತ್ತಲಲ್ಲಿ, ಹೀಗೇ ಒಂದು ಕುರ್ಚಿ ಹಿಂದೊಮ್ಮೆ ಇಳಿದಿತ್ತು. ಅದು ಖಾಲಿಯಾಗಿ ಹತ್ತಿ ಬಂದಿತ್ತು.

"ಅವಾತಿಫ್!" ಎಂದು ಕೂಗುತ್ತಿದ್ದಳು ಮುದುಕಿ. "ಕಣ್ಣು ಬಿಡೇ ಅವಾತಿಫ್! ನನ್ನ ಬಿಟ್ಟು ಹೋಗ್ಬೇಡ್ವೇ!"

ಕುರ್ಚಿಯಿಂದ ಸಣ್ಣ ದನಿ ಬಂತು. "ಇದ್ದೀನಮ್ಮ. ಇಲ್ಲೇ ಇದ್ದೀನಿ."

ಎರಡನೆಯ ಮಹಡಿಯ ತಿರುವಿನಲ್ಲಿ ತೌಹೀದಾಳಿಗೆ ತಾನು ಕರೆದ ಹೆಸರು ಯಾವುದೆಂದು ತಿಳಿಯಿತು. ಆ ಹೆಸರಿಗೆ ಉತ್ತರ ಕೊಟ್ಟದ್ದು ಯಾರೆಂದೂ ತಿಳಿಯಿತು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿ ರಕ್ತ ನೋಡಿದರು. ಡಾಕ್ಟರ್ ನೆವೀನ್ ತಮ್ಮ ಇಫ್ತಾರ್ ಅರ್ಧಕ್ಕೇ ಬಿಟ್ಟು ಬಂದಿದ್ದರು. ಗಿಡ್ಡನೆಯ ಹೆಂಗಸು, ಮಾತು ಚುರುಕು.

"ಮೈಯಲ್ಲಿ ನೀರೇ ಇಲ್ಲ. ಮೂತ್ರಪಿಂಡ ಒಣಗೋಕೆ ಶುರುವಾಗಿದೆ. ಇನ್ನೊಂದೆರಡು ದಿನ ಹೀಗೇ ಬಿಟ್ಟಿದ್ರೆ..."

ಮೂತ್ರಪಿಂಡ ಎಂಬ ಮಾತು ಕೇಳಿ ತೌಹೀದಾ ಮಂಚದ ಕಂಬಿ ಹಿಡಿದಳು.

"ಯಾವ ಮೆಟ್ಟಿಲಲ್ಲಿದ್ದೀರಿ ಈಗ?"

ಶುರೂಕ್ ಅಳುತ್ತ ಹೇಳಿದಳು. "ಎರಡು ದಾಟಿಸಿಬಿಟ್ವಿ. ಉಪವಾಸ ಹೇಗೂ ಇದೆಯಲ್ಲ ಅಂತ..."

"ಪ್ರತಿ ರಂಜಾನಿನಲ್ಲೂ ಈ ಮಾತು ಹೇಳೋರು ಸಿಗ್ತಾರೆ ನಂಗೆ," ಎಂದರು ಡಾಕ್ಟರು. "ಈ ಸೂಜಿ ಹೊಟ್ಟೆಯಿಂದ ಊಟ ಕೆಳಗಿಳಿಯೋದನ್ನ ನಿಧಾನ ಮಾಡುತ್ತೆ. ಬೆಳಗಿನ ಜಾವ ತಿಂದದ್ದು ಸಂಜೆಗೂ ಅಲ್ಲೇ ಕೂತಿರುತ್ತೆ. ಮೇಲೆ ಹಗಲಿಡೀ ನೀರಿಲ್ಲ. ಸುಹೂರ್‌ಗೆ ಏನು ತಿಂತಿದ್ರಿ?"

"ಮೊಸರು," ಎಂದಳು ಇನ್ಶಿರಾ, ಮೇಲಿನ ಸೂರು ನೋಡುತ್ತ.

"ಮೊಸರು ಹೀಗೆ ಮಾಡಲ್ಲ."

ತೌಹೀದಾಳಿಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು. ಕೊನೆಗೆ ಉಗುಳಿದಳು. "ಮುಫತ್ತಕಾ. ನಾನು ಕೊಟ್ಟೆ. ಒಂದು ಬೋಗುಣಿ."

"ಒಂದು ಚಮಚ ಅಲ್ಲ? ಬೋಗುಣಿ?"

"ಬೋಗುಣಿ. ದಿನಾ."

ಡಾಕ್ಟರು ಮುದುಕಿಯನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದು ಕೂತು ನಿಧಾನವಾಗಿ ಹೇಳಿದರು. ಸೂಜಿ ನಿಲ್ಲಿಸಬೇಕು. ಉಪವಾಸವನ್ನೂ. ವಾಂತಿ ಪೂರ್ತಿ ನಿಂತು, ರಕ್ತದ ಪರೀಕ್ಷೆ ಸರಿಬಂದ ಮೇಲೆ ಮತ್ತೆ ಮೊದಲ ಮೆಟ್ಟಿಲಿನಿಂದ. ಗುಟುಕು ಗುಟುಕಾಗಿ ನೀರು. ಊಟ ಒಂದು ಸಣ್ಣ ತಟ್ಟೆ, ಎಣ್ಣೆ ಜಿಡ್ಡು ಬೇಡ, ಸಾಕು ಅನ್ನಿಸುವುದಕ್ಕೆ ಮುಂಚೆಯೇ ಕೈ ತೊಳೆಯಬೇಕು.

"ಕೆಳಗಿಳಿದ್ರೆ ಹಸಿವು ವಾಪಸ್ ಬರುತ್ತೆ ಡಾಕ್ಟ್ರೇ," ಎಂದಳು ಇನ್ಶಿರಾ. ಅಲ್ಲಿಯವರೆಗೆ ಅಳದವಳು ಆಗ ಅತ್ತಳು. "ತೂಕ ಬರುತ್ತೆ. ನನ್ನ ಮಂಡಿ?"

"ನೀವು ನಾಲ್ಕನೇ ಮಹಡಿಯವರಲ್ವಾ? ಎರಡೆರಡು ಮೆಟ್ಟಿಲು ಹಾರ್ತೀರಾ ಮನೆಗೆ ಹೋಗೋವಾಗ? ಒಂದು ಹತ್ತಬೇಕು, ನಿಂತು ಉಸಿರು ತಗೋಬೇಕು, ಆಮೇಲೆ ಇನ್ನೊಂದು. ಬೇಸಿಗೆಗೆ ಆಗದಿದ್ರೆ ಚಳಿಗಾಲಕ್ಕಾಗಲಿ. ಮಂಡಿ ಓಡಿಹೋಗಲ್ಲ."

ಅವರು ಹೋದರು. ರಗಬ್ ಔಷಧಿ ತರಲು ಶುರೂಕಳನ್ನು ಕರೆದುಕೊಂಡು ಹೋದ. ತಾಯಿ ಮಗಳು ಇಬ್ಬರೇ ಉಳಿದರು.

"ಬೈಯಿ," ಎಂದಳು ತೌಹೀದಾ. "ಮೋಸ ಮಾಡಿ ತಿನ್ನಿಸ್ದೆ. ಮಲ ಸಡಿಲ ಆಗೋಕೆ ಅಂತ ಸುಳ್ಳು ಹೇಳಿದೆ."

"ಯಾವ ಮೋಸ? ನಂಗೆ ಮೊದಲ ಚಮಚಕ್ಕೇ ಗೊತ್ತಾಯ್ತು."

"ಗೊತ್ತಾಯ್ತಾ?"

"ಒಂಬತ್ತನೇ ವಯಸ್ಸಿಂದ ಮದುವೆ ಆಗೋವರೆಗೂ ತಿಂದೋಳಿಗೆ ಆ ರುಚಿ ಮರೆಯುತ್ತಾ ಅಮ್ಮ?"

"ಮತ್ಯಾಕೆ ತಿಂದೆ? ಎಸೀಬಾರ್ದಾಗಿತ್ತಾ?"

"ಆಗ ಯಾಕೆ ತಿಂತಿದ್ನೋ ಅದಕ್ಕೇ. ಬಟ್ಟಲು ಖಾಲಿ ಆದ್ರೆ ನೀನು ನಿದ್ದೆ ಮಾಡ್ತಿದ್ದೆ. ಖಾಲಿ ಆಗದಿದ್ರೆ ರಾತ್ರಿಯಿಡೀ ನನ್ನ ಹಾಸಿಗೆ ಪಕ್ಕ ಕೂತು ಉಸಿರು ನೋಡ್ತಿದ್ದೆ. ನನಗೆ ನಿದ್ದೆ ಬಂದ ಹಾಗೆ ನಟಿಸಬೇಕಿತ್ತು." ಇನ್ಶಿರಾ ಗ್ಲೂಕೋಸಿನ ಕೈ ಸರಿಮಾಡಿಕೊಂಡಳು. "ಈ ಸಲ ನೀನು ತುಂಬಿಸ್ತಾ ಹೋದೆ, ತೂಕ ನಿಂತಿತು. ತುಂಬಿಸ್ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಸೂಜಿ ಏರಿಸ್ದೆ."

"ನನಗೆ ಒಂದು ಮಾತು ಹೇಳಿದ್ರೆ..."

"ಏನಂತ ಹೇಳ್ಲಿ? ಅಕ್ಕನ ಪಾಲು ನಂಗೆ ಬೇಡ ಅಂತಲಾ?" ಅವಳ ದನಿ ಏರಿತು, ಪಕ್ಕದ ಮಂಚದವರು ತಿರುಗಿದರು. "ಅವಳು ಸತ್ತಾಗಿಂದ ಎರಡು ತಟ್ಟೆ ಊಟ ತಿಂದಿದೀನಿ ನಾನು. ಒಂದು ನನ್ನದು, ಒಂದು ಅವಳದು. ಈ ಮೈಮೇಲೆ ಇರೋದೆಲ್ಲ ನನ್ನ ತೂಕ ಅನ್ಕೊಂಡಿದೀಯಾ? ಅವಳನ್ನ ಹೊತ್ಕೊಂಡೇ ಆ ನಾಲ್ಕು ಮಹಡಿ ಹತ್ತಿದೀನಿ. ಮಂಡಿ ಸೋಲದೆ ಇನ್ನೇನಾಗುತ್ತೆ?"

ಎಂಬತ್ತರ ಹತ್ತಿರದ ಮುದುಕಿಗೆ ಅಷ್ಟು ನೋವು ಯಾವ ಮಾತಿನಿಂದಲೂ ಆಗಿರಲಿಲ್ಲ. ಸುಳ್ಳಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವಳು ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳಕ್ಕೆ ಒಂದಿಷ್ಟು ಸುರಿದು ಮಗಳ ತುಟಿಗೆ ಹಿಡಿದಳು. ಇನ್ಶಿರಾ ಕುಡಿದಳು. ಮುದುಕಿ ಮತ್ತೆ ಸುರಿಯಲು ಹೋಗಿ, ತಡೆದು, ಮುಚ್ಚಳ ಹಾಕಿದಳು.

ಮನೆಗೆ ಬಂದ ಮೇಲೆ ತಪ್ಪಲೆಯಲ್ಲಿ ಉಳಿದ ಲೇಹ್ಯವನ್ನು ಬುಟ್ಟಿಯಲ್ಲಿಟ್ಟು ಅಂಗಡಿಯವನಿಗೆ ಇಳಿಸಿದಳು. ಅವನು ತಿಂಗಳಿಡೀ ತಿಂದು ಹೊಟ್ಟೆ ಬೆಳೆಸಿಕೊಂಡ, ಆ ಮಾತು ಬೇರೆ. ತೌಹೀದಾ ಕಾಫಿ ಕಪ್ಪಿನ ತಟ್ಟೆಗಳನ್ನು ಹೊರತೆಗೆದಳು. ಎರಡು ಚಮಚ ಬೆಂದ ಅನ್ನ, ಒಂದು ತುಂಡು ಕೋಳಿ, ಚರ್ಮ ತೆಗೆದದ್ದು. ಇಷ್ಟು ಕಡಿಮೆ ಬಡಿಸುವುದು ಅವಳ ಕೈಗೆ ಗೊತ್ತಿರಲಿಲ್ಲ. ಗೋರಿಗೆ ಮಣ್ಣು ಕೊಡುವಾಗ ಮಾತ್ರ ಇಷ್ಟಿಷ್ಟೇ ಹಾಕುತ್ತಾರೆ ಎಂದುಕೊಂಡಳು. ಮರುಕ್ಷಣ ಯೋಚಿಸಿದ್ದಕ್ಕೇ ಹೆದರಿ ಕಿವಿ ಮುಟ್ಟಿಕೊಂಡಳು.

"ಅತ್ತೆ, ಇದು ಬೆಕ್ಕಿಗಾ?" ಎಂದ ರಗಬ್.

"ನಿನ್ನ ಹೆಂಡತಿಗೆ. ನೀನು ಸುಮ್ಮನೆ ನಿನ್ನ ಬೆಟ್ಟ ತಿನ್ನು."

ಆ ವಾರಗಳು ಸುಲಭವಿರಲಿಲ್ಲ. ರಂಜಾನಿನ ಹಗಲಿನಲ್ಲಿ ಎಲ್ಲರ ಎದುರು ನೀರು ಕುಡಿಯಲು ಇನ್ಶಿರಾಳಿಗೆ ನಾಚಿಕೆ. ತೌಹೀದಾ ಬಾಗಿಲು ಹಾಕಿ ಪಕ್ಕ ಕೂತು, ಒಂದೊಂದೇ ಗುಟುಕು ಕುಡಿಸಿದಳು. ವಾಂತಿ ನಿಂತಿತು. ನಲ್ಲಿಯ ಸದ್ದು ನಿಂತಿತು. ಆದರೂ ಮುದುಕಿ ಬಚ್ಚಲಿನ ಗೋಡೆಯ ಪಕ್ಕ ಹಾದುಹೋಗುವಾಗೆಲ್ಲ ಒಂದು ಗಳಿಗೆ ನಿಂತು ಕೇಳುತ್ತಿದ್ದಳು. ಊಟದ ಹೊತ್ತಿಗೆ ಫೋಟೋ ಕಡೆ ನೋಡದೆ ಕೂರಲು ಕಲಿಯಬೇಕಾಯಿತು. ನೋಡಿದರೆ ಕೈ ತಾನಾಗಿ ಸೌಟಿಗೆ ಹೋಗುತ್ತಿತ್ತು. ಹಬ್ಬಕ್ಕೆ ಮುಂಚಿನ ಶುಕ್ರವಾರ ರಕ್ತದ ಪರೀಕ್ಷೆ ಸರಿಬಂದು, ಶುರೂಕ್ ಪೆನ್ನಿನ ತುದಿಯನ್ನು ಮೊದಲ ಗುರುತಿಗೆ ತಿರುಗಿಸಿ ಅಜ್ಜಿಯ ಕಣ್ಣೆದುರಿಗೇ ಚುಚ್ಚಿದಳು.

ಹಬ್ಬದ ಬೆಳಿಗ್ಗೆ ಒಲೆಯಿಂದ ತೆಗೆದ ಕಹ್ಕ್ ಬಿಸ್ಕತ್ತುಗಳ ತಟ್ಟೆ ಮೇಜಿನ ಮೇಲಿತ್ತು, ಮೇಲೆ ಸಕ್ಕರೆ ಪುಡಿ. ಮನೆಯೆಲ್ಲ ತುಪ್ಪದ ಘಮ. ತೌಹೀದಾ ಖಬರಸ್ತಾನಕ್ಕೆಂದು ತಗಡಿನ ಡಬ್ಬಿ ತುಂಬುತ್ತಿದ್ದಳು.

"ಅಮ್ಮಾ," ಎಂದಳು ಇನ್ಶಿರಾ. "ಕಹ್ಕ್ ಮೇಲೆ ನಫ್ಸ್ ಆಗಿದೆ."

ಮುದುಕಿಯ ಕೈ ನಿಂತಿತು. ಒಂದನ್ನು ಎತ್ತಿ ಕೊಟ್ಟಳು. ಇನ್ಶಿರಾ ಅದನ್ನು ಮುರಿದು, ಕೂತು, ನಿಧಾನವಾಗಿ ಅರ್ಧ ತಿಂದಳು. ಅವಳು ತಿನ್ನುವುದನ್ನು ತೌಹೀದಾ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದಳು. ಉಳಿದರ್ಧ ಮಗಳ ಬಾಯಿಯ ಹತ್ತಿರ ಒಯ್ಯಲು ಕೈ ಆಗಲೇ ಎದ್ದಿತ್ತು. ಎದುರಿಗೆ ಫೋಟೋ ನೋಡುತ್ತಿತ್ತು. ಇನ್ಶಿರಾ ತಾಯಿಯ ಮುಖ ನೋಡುತ್ತ ಬಾಯಿ ತೆರೆದಳು, ಚಿಕ್ಕಂದಿನಲ್ಲಿ ತೆರೆಯುತ್ತಿದ್ದಂತೆ.

"ಸಾಕು," ಎಂದಳು ತೌಹೀದಾ.

ಯಾರ ತಟ್ಟೆಯ ಮುಂದೆಯೂ, ಎಂದೂ, ಆ ಬಾಯಿಂದ ಬಾರದ ಮಾತು ಅದು. ರಗಬ್ ಅಗಿಯುವುದನ್ನೇ ಮರೆತ. ಮುದುಕಿ ಆ ಅರ್ಧ ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಇದು ಅವಳದು. ಕೊಟ್ಟು ಬರ್ತೀನಿ."

"ನಾನೂ ಬರ್ತೀನಿ," ಎಂದಳು ಇನ್ಶಿರಾ.

ಒಂದು ಮಹಡಿ ಇಳಿದರು, ನಿಂತರು. ಇನ್ನೊಂದು ಇಳಿದರು, ನಿಂತರು. ರಗಬ್ ಅದೇ ಊಟದ ಕುರ್ಚಿ ಹೊತ್ತುಕೊಂಡು ಬರುತ್ತಿದ್ದ. ತಿರುವಿನಲ್ಲೆಲ್ಲ ಹೆಂಡತಿಯನ್ನು ಅದರಲ್ಲಿ ಕೂರಿಸಿ, "ಟಿಕೆಟ್ ತೋರ್ಸಿ" ಎನ್ನುತ್ತಿದ್ದ. ಮಂಡಿ ನೋಯುತ್ತಿತ್ತು, ಅವಳು ಹಲ್ಲು ಕಚ್ಚಿ ನಗುತ್ತಿದ್ದಳು. ಕೆಳಗೆ ಟ್ಯಾಕ್ಸಿ, ಅದರ ಮೇಲೆ ಕುರ್ಚಿಯೂ ಏರಿತು.

ಖಬರಸ್ತಾನದಲ್ಲಿ ಹಬ್ಬದ ಜನ. ತೌಹೀದಾ ಗಂಡನ ಹೆಸರಿನಲ್ಲಿ ಹಂಚಿದಳು, ಅಪ್ಪ ಅಮ್ಮನ ಹೆಸರಿನಲ್ಲಿ ಹಂಚಿದಳು. ಡಬ್ಬಿಯ ತಳದಲ್ಲಿ ಆ ಅರ್ಧ ತುಂಡು ಉಳಿಯಿತು. ಗೋಡೆಯ ನೆರಳಿನಲ್ಲಿ ಕೂತಿದ್ದ ಒಬ್ಬಳು ಮುದುಕಿ ಕೈಚಾಚಿದಳು. ತೆಗೆದುಕೊಳ್ಳುವವರೆಲ್ಲ ಕೇಳುವ ಹಾಗೆಯೇ ಅವಳೂ ಕೇಳಿದಳು: "ಯಾರ ಜೀವಕ್ಕೆ ತಾಯೀ?"

ತೌಹೀದಾ ಖಾಲಿ ಡಬ್ಬಿಯ ಮುಚ್ಚಳ ಒತ್ತಿದಳು.

"ಅವಾತಿಫ್," ಎಂದಳು. "ನನ್ನ ಹಿರಿ ಮಗಳು. ಸತ್ತು ನಲವತ್ತು ವರ್ಷ ಆಯ್ತು."

"ದೇವರು ಅವಳಿಗೆ ದಯೆ ತೋರಲಿ," ಎಂದು ಆ ಹೆಂಗಸು ತುಂಡನ್ನು ಬಾಯಿಗೆ ಹಾಕಿಕೊಂಡಳು. ತೌಹೀದಾ ಅವಳು ನುಂಗುವ ತನಕ ನಿಂತಿದ್ದಳು. ಸಕ್ಕರೆ ಪುಡಿ ಆ ತುಟಿಗಳ ಮೇಲೆ ಉಳಿಯಿತು.

ಹಿಂದಿನಿಂದ ದನಿ ಬಂತು. "ಅಮ್ಮಾ, ಒಂದು ಲೋಟ ನೀರು."

ತೌಹೀದಾಳಿಗೆ ಒಂದು ಗಳಿಗೆ ತಿರುಗಲು ಧೈರ್ಯವಾಗಲಿಲ್ಲ. ಆಮೇಲೆ ತಿರುಗಿದಳು. ಊಟದ ಕುರ್ಚಿಯಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಇನ್ಶಿರಾ ಕೂತಿದ್ದಳು.